ಹೆಸರುಮೇಸ್ತ್ರಿಯ ವೆಸೋರಾ

ಕಾರಿಗೆ ಊರಿನ ಹೆಸರಿಡುವ ಚಟ ಆ ಕಾರ್ಖಾನೆಗೆ ಎಲ್ಲಿಂದ ಹತ್ತಿತೋ ಯಾರಿಗೂ ಗೊತ್ತಿಲ್ಲ. ಮೊದಲು ಲಿಸ್ಬನ್ ಬಂತು, ಆಮೇಲೆ ಪಲೆರ್ಮೊ, ಆಮೇಲೆ ಜಾಂಜಿಬಾರ್. ಆ ಊರುಗಳನ್ನು ಕಣ್ಣಾರೆ ಕಂಡವರು ಕಾರ್ಖಾನೆಯಲ್ಲಿ ಒಬ್ಬರೂ ಇರಲಿಲ್ಲ. ಕಾರು ಕೊಂಡವರೂ ಕಂಡಿರಲಿಕ್ಕಿಲ್ಲ. ಆದರೂ ಕಾರಿನ ಬೆನ್ನ ಮೇಲೆ ದೂರದ ಊರೊಂದು ಹೊಳೆಯುತ್ತಿದ್ದರೆ ಅದಕ್ಕೊಂದು ಗತ್ತು ಎಂದು ಮೇಲಿನವರ ಲೆಕ್ಕ. ಆ ಹೊಳೆಯುವ ಅಕ್ಷರಗಳನ್ನು ಕೂರಿಸುವ ಕೆಲಸ ಒಬ್ಬನದಾಗಿತ್ತು. ಹಿತ್ತಾಳೆ ಪಟ್ಟಿ ಇಟ್ಟು ಗುರುತು ಮಾಡಿ, ಅಕ್ಷರದ ಹಿಂದಿನ ಅಂಟುಕಾಗದ ಸುಲಿದು, ಎರಡೂ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಮೂವತ್ತೊಂದು ವರ್ಷ ಅದೊಂದೇ ಕೆಲಸ ಮಾಡಿ ನಿವೃತ್ತನಾದವನ ಹೆಬ್ಬೆರಳುಗಳು ಚಮಚದ ಹಾಗೆ ಚಪ್ಪಟೆಯಾಗಿದ್ದವು. ಬಡಾವಣೆಯವರು ಅವನನ್ನು ಇವತ್ತಿಗೂ ಹೆಸರುಮೇಸ್ತ್ರಿ ಎಂದೇ ಕರೆಯುತ್ತಾರೆ.

ನಾಲ್ಕನೆಯ ಕಾರು ಸಾಮಾನ್ಯ ಜನ ಕೊಳ್ಳುವ ಸಣ್ಣ ಕಾರು. ಅದಕ್ಕೆ ದೂರದ ಊರು ಬೇಡ, ನಮ್ಮ ಕಡೆಯದೇ ಯಾವುದಾದರೂ ಊರಿರಲಿ, ಕೆಲಸಗಾರರೇ ಸೂಚಿಸಲಿ ಎಂದು ಕ್ಯಾಂಟೀನಿನ ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟರು. ಸಾವಿರಾರು ಚೀಟಿ ಬಿದ್ದವು. ಆರಿಸಿದ್ದು ಮೇಸ್ತ್ರಿಯ ಹೆಸರಲ್ಲಿ ಬಿದ್ದ ಚೀಟಿಯನ್ನು. ಅದರಲ್ಲಿದ್ದ ಊರು ವೆಸೋರಾ; ಒಂದು ನದಿ, ಒಂದು ಸೇತುವೆ, ಆರು ಸಾವಿರ ಜನ. ಮೇಸ್ತ್ರಿಯ ಹೆಂಡತಿ ಹುಟ್ಟಿ ಬೆಳೆದ ಊರು. ಬಹುಮಾನವಾಗಿ ಒಂದು ಗೋಡೆ ಗಡಿಯಾರ ಬಂತು, ಪತ್ರಿಕೆಯಲ್ಲಿ ಮೇಸ್ತ್ರಿಯ ಫೋಟೋ ಬಂತು.

ಮೊದಲ ಎರಡು ವರ್ಷ ವೆಸೋರಾದವರು ನೆಲದ ಮೇಲೆ ನಡೆಯಲಿಲ್ಲ. ಮೇಸ್ತ್ರಿಯ ಹೆಂಡತಿಯ ಅಣ್ಣನಿಗೆ ಅಲ್ಲಿ ಕುರ್ಚಿ ಮಾಡುವ ಕಾರ್ಯಾಗಾರವಿತ್ತು, ಜನ ಅವನನ್ನು ಕುರ್ಚಿ ಯಜಮಾನ ಎನ್ನುತ್ತಿದ್ದರು. ಅವನು ತನ್ನ ಕುರ್ಚಿಗಳ ಅಡಿಗೆ 'ವೆಸೋರಾ' ಎಂದು ಮುದ್ರೆ ಸುಟ್ಟು ನಾಲ್ಕು ದಿಕ್ಕಿಗೆ ಕಳಿಸಿದ. ಆಮೇಲೆ ಕಾರು ಕೈಕೊಡಲು ಶುರುವಾಯಿತು. ದಿಬ್ಬ ಹತ್ತುವಾಗ ಗೇರು ಸಿಕ್ಕಿಕೊಳ್ಳುತ್ತಿತ್ತು, ಬಾಗಿಲ ಹಿಡಿ ಕೈಗೇ ಬರುತ್ತಿತ್ತು. ವೆಸೋರಾಕ್ಕೆ ಬ್ರೇಕ್ ಯಾಕೆ, ತಾನಾಗೇ ನಿಲ್ಲುತ್ತಲ್ಲ ಎಂದು ಜನ ನಕ್ಕರು. ಪರೀಕ್ಷೆಯಲ್ಲಿ ಫೇಲಾದರೆ 'ವೆಸೋರಾ ಆಯ್ತು', ನಿಶ್ಚಯವಾದ ಮದುವೆ ಮುರಿದರೆ 'ವೆಸೋರಾ ಆಯ್ತು'. ಕುರ್ಚಿ ಅಂಗಡಿಯವರು ಮುದ್ರೆ ನೋಡಿ, ಕೂತರೆ ಬೀಳುತ್ತಾ ಎಂದು ಕೇಳತೊಡಗಿದರು. ಮೂರೇ ವರ್ಷಕ್ಕೆ ಕಾರ್ಯಾಗಾರ ಮುಚ್ಚಿತು. ಕುರ್ಚಿ ಯಜಮಾನ ತಂಗಿ ಮತ್ತು ಅವಳ ಗಂಡನನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ಆ ಹೆಸರು ಬರೆದುಕೊಟ್ಟವರ ಕಾಲು ಈ ಮನೆಯೊಳಗೆ ಬೀಳಕೂಡದು" ಎಂದ. ಅದಾಗಿ ಇಪ್ಪತ್ತಾರು ವರ್ಷ.

ಇದರಲ್ಲಿ ನಗೆಪಾಟಲಿನ ಸಂಗತಿ ಇನ್ನೊಂದಿದೆ. ಮೇಸ್ತ್ರಿಯ ಮಗ ಮೆಕ್ಯಾನಿಕ್. ಬೇರೆ ಯಾವ ಗ್ಯಾರೇಜಿನವರೂ ಮುಟ್ಟದ ಕಾರನ್ನು ಅವನು ಮುಟ್ಟುತ್ತಿದ್ದ. 'ಇಲ್ಲಿ ವೆಸೋರಾ ರಿಪೇರಿ ಮಾಡಲಾಗುವುದು' ಎಂದು ಬೋರ್ಡು ಬರೆಸಿದ್ದ. ಸೋದರಮಾವನ ಅನ್ನ ಕಿತ್ತುಕೊಂಡ ಕಾರೇ ಈ ಮನೆಯ ಒಲೆ ಉರಿಸುತ್ತಿತ್ತು. ಅವನ ಅಮ್ಮ ಒಂದು ದಿನವೂ ಆ ಗ್ಯಾರೇಜಿಗೆ ಕಾಲಿಟ್ಟವಳಲ್ಲ.

ಸೊಸೆಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಆ ತಿಂಗಳ ಮೊದಲ ವಾರ ಒಂದು ಸಂಜೆ ಅವಳು ಬ್ಯಾಗು ಕೆಳಗಿಟ್ಟವಳೇ ಅಡುಗೆಮನೆಗೆ ಹೋದಳು.

"ಅತ್ತೆ, ಕೌಂಟರಿಗೆ ಒಂದು ಸುತ್ತೋಲೆ ಬಂದಿದೆ. ನಿಮ್ಮೂರಿನ ಹೆಸರು ಬದಲಾಯಿಸ್ತಾರಂತೆ. ಇಪ್ಪತ್ತನೇ ತಾರೀಕು ಪುರಸಭೆಯಲ್ಲಿ ತೀರ್ಮಾನ."

"ಗೊತ್ತು," ಎಂದಳು ಅಮ್ಮ. "ಕೈ ತೊಳೆದು ಬಾ, ಊಟಕ್ಕೆ ಕೂತಾಗ ಹೇಳ್ತೀನಿ."

ನಾಲ್ವರೂ ತಟ್ಟೆಯ ಮುಂದೆ ಕೂತ ಮೇಲೆ ಅವಳು ಬಡಿಸುತ್ತ ಬಡಿಸುತ್ತ ಹೇಳಿದಳು. ಮಧ್ಯಾಹ್ನ ಅಣ್ಣನ ಮಗಳು ಫೋನ್ ಮಾಡಿದ್ದಳು. ಅಣ್ಣನಿಗೆ ಮೂತ್ರಪಿಂಡ ಕೆಟ್ಟಿದೆ, ಹಾಸಿಗೆ ಹಿಡಿದಿದ್ದಾನೆ. ಹೆಸರು ಬದಲಾಯಿಸುವ ಸಮಿತಿಗೆ ಅವನೇ ಅಧ್ಯಕ್ಷ. ತಂಗಿಯನ್ನು ಒಂದು ಸಲ ನೋಡಬೇಕು ಎಂದಿದ್ದಾನೆ.

ಮಗ ತುತ್ತು ಕೈಯಲ್ಲೇ ಹಿಡಿದು ಕೂತ. ಆ ಮನೆಯಿಂದ ಫೋನ್ ಬಂದದ್ದು ಅವನ ನೆನಪಿನಲ್ಲೇ ಇಲ್ಲ.

"ಹೋಗಿ ಬಾ ಅಮ್ಮ, ಅದಕ್ಕೇನು," ಎಂದ.

"ಬರಿಗೈಲಿ ಬರಬೇಡ ಅಂದಿದಾನೆ. ನಿಮ್ಮಪ್ಪ ಒಂದು ಕಾಗದ ಬರೆದುಕೊಡಬೇಕಂತೆ. ಊರಿನವರನ್ನ ಕೇಳದೆ ಹೆಸರು ಬರೆದದ್ದು ತಪ್ಪಾಯ್ತು, ಕ್ಷಮಿಸಿ ಅಂತ. ಇಪ್ಪತ್ತನೇ ತಾರೀಕಿನ ಸಭೆಯಲ್ಲಿ ಅದನ್ನ ಓದಿಸ್ತಾನಂತೆ. ಕಾಗದ ತಂದ್ರೆ ಬಾಗಿಲು ತೆಗೀತೀನಿ ಅಂದಿದಾನೆ."

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಅವನು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ತನ್ನ ಚಪ್ಪಟೆ ಹೆಬ್ಬೆರಳಿನಿಂದ ನಿಧಾನವಾಗಿ ಸುಲಿಯುತ್ತಿದ್ದ.

"ನಾನು ಬರೆಯಲ್ಲ," ಎಂದ.

"ಎರಡು ಸಾಲು ರೀ."

"ಎರಡಕ್ಷರನೂ ಬರೆಯಲ್ಲ."

"ನೀವು ಅವತ್ತು ಆ ಹೆಸರು ಬರೆಯದೇ ಇದ್ದಿದ್ರೆ ಇವತ್ತು ನಾನು ಹೀಗೆ ಕೈಯೊಡ್ಡಿ ನಿಲ್ಲಬೇಕಿತ್ತಾ?" ಎಂದಳು ಅಮ್ಮ.

ಮೇಸ್ತ್ರಿ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಮರುದಿನದಿಂದ ಅಮ್ಮ ಅವನಿಗೆ ಬಡಿಸುವುದನ್ನು ಬಿಟ್ಟಳು. ಅಡುಗೆ ನಿಲ್ಲಿಸಲಿಲ್ಲ, ಅವಳಿಗೆ ಒಲೆಯ ಮೇಲೆ ಮುನಿಸಿರಲಿಲ್ಲ. ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಮಗನಿಗೆ, ಸೊಸೆಗೆ ಬಡಿಸಿ ಒಳಗೆ ಹೋಗುತ್ತಿದ್ದಳು. ಮೇಸ್ತ್ರಿ ತಾನೇ ಬಡಿಸಿಕೊಳ್ಳುತ್ತಿದ್ದ. ಮೂವತ್ತೆರಡು ವರ್ಷ ಬಡಿಸಿಕೊಂಡೇ ಉಂಡವನಿಗೆ ಅಳತೆ ತಿಳಿಯದು, ಒಂದು ದಿನ ಬೇಳೆ ಚೆಲ್ಲಿದ, ಇನ್ನೊಂದು ದಿನ ಅರೆಹೊಟ್ಟೆಯಲ್ಲಿ ಎದ್ದ. ಬಟ್ಟೆ ಒಗೆಯುವಾಗ ಅವನ ಅಂಗಿಗಳು ಬಕೆಟ್ಟಿನಲ್ಲೇ ಉಳಿಯುತ್ತಿದ್ದವು. ಸೊಸೆ ಕೆಲಸದಿಂದ ಬಂದು ಅವನ್ನು ಹಿಂಡಿ ಹರವುತ್ತಿದ್ದಳು.

ವಾರದ ಕೊನೆಗೆ ಅಮ್ಮ ಸ್ಟೂಲು ಹತ್ತಿ ಆ ಬಹುಮಾನದ ಗಡಿಯಾರವನ್ನು ಗೋಡೆಯಿಂದ ಇಳಿಸಿದಳು. ಹಳೆಯ ಹೊದಿಕೆಯಲ್ಲಿ ಸುತ್ತಿ ಬೀರುವಿನ ಮೇಲೆ ತಳ್ಳಿದಳು. ಗೋಡೆಯ ಮೇಲೆ ಬಣ್ಣ ಮಾಸದ ಒಂದು ಗುಂಡನೆಯ ಜಾಗ ಉಳಿಯಿತು. ಟೈಮು ನೋಡಲು ತಲೆಯೆತ್ತಿದವರಿಗೆಲ್ಲ ಆ ಗುಂಡು ಜಾಗವೇ ಕಾಣುತ್ತಿತ್ತು.

"ಬರೆದು ಬಿಸಾಕಪ್ಪ," ಎಂದ ಮಗ, ಒಂದು ಬೆಳಗ್ಗೆ ಬೂಟಿನ ಲೇಸು ಕಟ್ಟುತ್ತ. "ಮನೇಲಿ ಕೂರೋ ಹಾಗಿಲ್ಲ, ಏಳೋ ಹಾಗಿಲ್ಲ."

"ನಿನ್ನ ಬೋರ್ಡಲ್ಲಿ ಅದೇ ಹೆಸರಿದೆಯಲ್ಲ. ಅದನ್ನ ಇಳಿಸ್ತೀಯಾ?"

"ನನ್ನ ಬೋರ್ಡಿಗೂ ಇದಕ್ಕೂ ಏನು ಸಂಬಂಧ? ಆ ಕಾರು ಎಲ್ಲರ ಮನೆ ಬಾಗಿಲಲ್ಲಿ ಕೆಟ್ಟು ನಿಂತಿದೆ, ನಾನು ರಿಪೇರಿ ಮಾಡ್ತೀನಿ."

"ಹಾಗಿದ್ರೆ ಮಾಡ್ಕೊ. ನನಗೆ ಬುದ್ಧಿ ಹೇಳ್ಬೇಡ."

"ಸೋದರಮಾವ ಸಾಯೋಕೆ ಬಿದ್ದಿದಾನೆ ಅಪ್ಪ. ಅಮ್ಮನಿಗೆ ತವರು ಅಂತ ಇರೋದು ಅವನೊಬ್ಬನೇ. ನಿನಗೆ ನಿನ್ನ ಮರ್ಯಾದೆ ದೊಡ್ಡದಾಯ್ತು."

ಮಗ ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದ. ಮನೆಯಲ್ಲಿ ಎಲ್ಲರಿಗೂ ಒಂದು ವಿಷಯ ಖಚಿತವಾಗಿತ್ತು, ಮುದುಕನಿಗೆ ಹಟ. ಜೀವಮಾನದಲ್ಲಿ ಒಮ್ಮೆ ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿಲ್ಲ. ಸೊಸೆಯೂ ಹಾಗೇ ಅಂದುಕೊಂಡಿದ್ದಳು.

ಎರಡನೆಯ ವಾರ ಒಂದು ದಿನ ಅವಳಿಗೆ ರಜೆ. ಅಮ್ಮ ಸಾಮಾನು ತರಲು ಹೋಗಿದ್ದಳು. ಮೇಸ್ತ್ರಿ ಹಿತ್ತಿಲ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತ ಕೂತಿದ್ದ. ಯಾರೂ ಹೇಳದಿದ್ದರೂ ಇತ್ತೀಚೆಗೆ ಇಂಥ ಕೆಲಸ ಹುಡುಕಿಕೊಂಡು ಮಾಡುತ್ತಿದ್ದ. ಸೊಸೆ ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡಳು.

"ಮಾವ, ನಾನು ಬರೀತೀನಿ. ನೀವು ಸಹಿ ಹಾಕಿ ಸಾಕು."

"ಅದಲ್ಲಮ್ಮ."

"ಮತ್ತಿನ್ನೇನು? ಸಭೆಯಲ್ಲಿ ಓದ್ತಾರೆ, ಹತ್ತು ಜನ ನಗ್ತಾರೆ, ಮುಗೀತು."

ಮೇಸ್ತ್ರಿ ಒಂದು ಕಾಯಿ ಸೀಳಿ ಕಾಳುಗಳನ್ನು ತಟ್ಟೆಗೆ ಉದುರಿಸಿದ. ಇನ್ನೊಂದು ಸೀಳಿದ.

"ಆ ಚೀಟಿ ಬರೆದದ್ದು ನಾನಲ್ಲ," ಎಂದ.

ಸೊಸೆ ಅವನ ಮುಖ ನೋಡಿದಳು.

"ಅವತ್ತು ನನ್ನ ಬಲಗೈಗೆ ಬ್ಯಾಂಡೇಜು ಕಟ್ಟಿತ್ತು, ಹಿತ್ತಾಳೆ ಪಟ್ಟಿಯ ಅಂಚು ಕೊಯ್ದಿತ್ತು. ಮದುವೆಯಾಗಿ ಐದು ತಿಂಗಳು. ಒಂದು ಊರಿನ ಹೆಸರು ಬರೆದುಕೊಡೇ, ಯಾವುದಾದರೂ ಆಗ್ಲಿ ಅಂದೆ. ಅವಳು ಬರೆದು ಮಡಚಿ ಕೊಟ್ಟಳು. ನಾನು ನೋಡದೇ ಡಬ್ಬಿಗೆ ಹಾಕಿದೆ. ಗೆದ್ದಮೇಲೆ ಗೊತ್ತಾಯ್ತು ಏನು ಬರೆದಿದ್ದಳು ಅಂತ."

"ಮತ್ತೆ ನೀವು ಯಾಕೆ..."

"ಫೋಟೋ ತೆಗೆಯುವಾಗ ಬರೆದದ್ದು ನಾನೇ ಅಂದುಬಿಟ್ಟೆ. ಎಲ್ಲರೂ ಕೈಕುಲುಕಿದ್ರು, ಚೆನ್ನಾಗಿತ್ತು. ನಾನೂ ಮನುಷ್ಯನೇ. ಹೊಗಳಿದಾಗ ನಾನು ಅಂದವನು ಬೈದಾಗ ಅವಳು ಅಂತ ಹೇಗೆ ಹೇಳಲಿ? ಅವಳಣ್ಣ ಹೊಸ್ತಿಲಲ್ಲಿ ನಿಂತು ಯಾರು ಬರೆದದ್ದು ಅಂತ ಕೇಳಿದ. ನಾನು ಅಂದೆ. ಅವಳು ಪಕ್ಕದಲ್ಲೇ ಇದ್ದಳು. ತಡೀಲಿಲ್ಲ."

"ಅತ್ತೆ ಆಮೇಲೂ ಏನೂ ಹೇಳಲಿಲ್ವಾ?"

"ಮೊದಮೊದಲು ಆ ಮಾತೇ ಎತ್ತುತ್ತಿರಲಿಲ್ಲ. ಆಮೇಲೆ ಯಾವಾಗಲೋ ನೀವು ಬರೆದದ್ದು, ನೀವು ಬರೆದದ್ದು ಅಂತ ಶುರುವಾಯ್ತು. ನಾವಿಬ್ಬರೇ ಇದ್ದಾಗಲೂ ಹಾಗೇ ಅಂತಾಳೆ. ದಿನಕ್ಕೆ ನಲವತ್ತು ಕಾರಿಗೆ ಅವಳ ಊರಿನ ಹೆಸರು ಒತ್ತಿ ಮನೆಗೆ ಬಂದ್ರೆ ಈ ಮಾತು." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಕಾಗದ ಬರೆಯೋಕೆ ನನಗೇನಮ್ಮ? ಬರೀತೀನಿ. ಒಂದು ಸಲ, ಈ ಮನೆಯೊಳಗೆ, ನನ್ನ ಮುಂದೆ, ಬರೆದದ್ದು ನಾನು ಅಂತ ಅವಳು ಹೇಳಲಿ. ಬೇರೆ ಯಾರಿಗೂ ಬೇಡ, ನನಗೆ ಹೇಳಲಿ."

ಅವನು ಎದ್ದು ಹೋದ ಮೇಲೆ ಸೊಸೆ ಬೀರುವಿನ ಮೇಲಿಂದ ಗಡಿಯಾರ ಇಳಿಸಿದಳು. ಮಾವ ಹೇಳಿದ್ದನ್ನು ನಂಬಬಾರದೆಂದಲ್ಲ. ಆದರೆ ಆ ಗಡಿಯಾರಕ್ಕೆ ಸೆಲ್ ಹಾಕುವುದನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ತಿರುಗಿಸಿ ನೋಡಿದರೆ ಬೆನ್ನಿಗೆ ಒಂದು ಪ್ಲಾಸ್ಟಿಕ್ ಹಾಳೆ, ಅದರೊಳಗೆ ಗೆದ್ದ ಚೀಟಿ. ಕಾರ್ಖಾನೆಯವರು ನೆನಪಿಗೆಂದು ಅಂಟಿಸಿ ಕೊಟ್ಟಿದ್ದರು. ಐದು ವರ್ಷದಿಂದ ಆ ಅಡುಗೆಮನೆಯಲ್ಲಿ ಓಡಾಡಿದ ಸೊಸೆಗೆ ಆ ಬರವಣಿಗೆ ಗುರುತಾಗಲು ಕ್ಷಣವೂ ಹಿಡಿಯಲಿಲ್ಲ. ಸಕ್ಕರೆ ಡಬ್ಬಿಯ ಮೇಲೆ, ಉಪ್ಪಿನ ಡಬ್ಬಿಯ ಮೇಲೆ ಇದ್ದದ್ದು ಅದೇ ಅಕ್ಷರ, ಅದೇ ಬಲಕ್ಕೆ ವಾಲಿದ ದುಂಡು ಅಕ್ಷರ.

ಅಮ್ಮ ಚೀಲ ಹಿಡಿದು ಒಳಗೆ ಬಂದಾಗ ಗಡಿಯಾರ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಅವಳು ಅದನ್ನು ನೋಡಿದಳು, ಸೊಸೆಯನ್ನು ನೋಡಿದಳು, ಚೀಲದಿಂದ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಯಲ್ಲಿಟ್ಟಳು.

"ಯಾರು ಇಳಿಸು ಅಂದ್ರು ಅದನ್ನ?"

"ಅತ್ತೆ, ಇದು ನಿಮ್ಮ ಅಕ್ಷರ."

ಅಮ್ಮ ಬುಟ್ಟಿ ತುಂಬಿಸಿ ಪಕ್ಕಕ್ಕಿಟ್ಟಳು.

"ಹೊಸದಾಗಿ ಬಂದಿದ್ದೆ," ಎಂದಳು ಕೊನೆಗೆ. "ಈ ಊರಲ್ಲಿ ಒಬ್ಬರ ಮುಖವೂ ಗೊತ್ತಿರಲಿಲ್ಲ. ಇವರು ಬೆಳಗ್ಗೆ ಹೋದ್ರೆ ಸಂಜೆ. ಒಂದು ಊರಿನ ಹೆಸರು ಬರಿ ಅಂದ್ರು. ನನಗೆ ಬೇರೆ ಯಾವ ಊರು ಗೊತ್ತಿತ್ತು?"

"ಮಾವ ಕೇಳ್ತಿರೋದು ಅಷ್ಟೇ. ಅವರ ಮುಂದೆ ಇದೊಂದು ಮಾತು ಹೇಳಿ. ಕಾಗದ ಬರೆದುಕೊಡ್ತಾರೆ."

"ಇಪ್ಪತ್ತಾರು ವರ್ಷ ಅವರ ತಲೆಗೆ ಕಟ್ಟಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಹೇಳಲಿ?" ಅಮ್ಮ ಗಡಿಯಾರವನ್ನು ಮತ್ತೆ ಹೊದಿಕೆಯಲ್ಲಿ ಸುತ್ತಿದಳು. "ನೀನು ಇದರಲ್ಲಿ ಬರಬೇಡ. ಈರುಳ್ಳಿ ಹೆಚ್ಚು."

ಸೊಸೆ ಈರುಳ್ಳಿ ಹೆಚ್ಚಿದಳು. ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ಅವನು ತಾಯಿಯ ಮೇಲೆ ಕೂಗಾಡುತ್ತಿದ್ದ, ಅದರಿಂದ ಮಾವನಿಗೆ ಬೇಕಾದದ್ದು ಸಿಗುತ್ತಿರಲಿಲ್ಲ.

ಹದಿನಾರನೇ ತಾರೀಕು ಮತ್ತೆ ಫೋನ್ ಬಂತು. ಅಪ್ಪನಿಗೆ ಕಾಲು ಊದಿದೆ, ಮಾತು ಕಡಿಮೆಯಾಗಿದೆ, ಬರೋದಾದ್ರೆ ಬೇಗ ಬನ್ನಿ ಅತ್ತೆ ಎಂದು ಅಣ್ಣನ ಮಗಳು ಹೇಳಿದಳು. ಅಮ್ಮ ರಿಸೀವರ್ ಇಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಆ ದಿನ ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು. ನಾಲ್ವರೂ ಉಪ್ಪಿಲ್ಲದ ಬೇಳೆಯನ್ನು ಏನೂ ಅನ್ನದೆ ಉಂಡರು.

ಮರುದಿನ ಮೇಸ್ತ್ರಿ ಸೊಸೆಯ ಹತ್ತಿರ ಒಂದು ಗೆರೆಯಿಲ್ಲದ ಹಾಳೆ ಕೇಳಿದ. ಹಿತ್ತಾಳೆ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡ. ಬರೆಯಲು ಎರಡು ಗಂಟೆ ಹಿಡಿಯಿತು. ಅಕ್ಷರಗಳನ್ನು ಅಂಟಿಸಿ ಅಭ್ಯಾಸವಿದ್ದ ಕೈಗೆ ಬರೆದು ಅಭ್ಯಾಸವಿರಲಿಲ್ಲ. ಮಡಚಿ ಸೊಸೆಯ ಕೈಗಿಟ್ಟ.

"ಅವಳಿಗೆ ಕೊಡು."

"ಅವರು ಇನ್ನೂ ಹೇಳಿಲ್ಲವಲ್ಲ ಮಾವ."

"ಇರಲಿ. ಅವನು ಹೋಗಿಬಿಟ್ರೆ ಆಮೇಲೆ ಅವಳು ಹೇಳಿ ನಾನು ಕೇಳಿ ಏನು ಬಂತು?"

ಅಮ್ಮ ಕಾಗದವನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡಳು. ಮರುದಿನ ಬೆಳಗ್ಗೆ ಅವಳು ಹೊರಡುವಾಗ ಮೇಸ್ತ್ರಿ ಮುಂದಿನ ಕೋಣೆಯಲ್ಲೇ ಕೂತಿದ್ದ. ಅವಳು ಅವನ ಮುಂದೆ ಒಂದು ಕ್ಷಣ ನಿಂತಳು. "ಔಷಧಿ ಮೇಜಿನ ಮೇಲಿದೆ," ಎಂದು ಮಾತ್ರ ಹೇಳಿದಳು. ಎರಡು ವಾರದಲ್ಲಿ ಅವನಿಗೆ ಅವಳಾಡಿದ ಮೊದಲ ಮಾತು ಅದು.

ಸೊಸೆ ರಜೆ ಹಾಕಿ ಜೊತೆಗೆ ಹೋದಳು. ನಾಲ್ಕು ಗಂಟೆಯ ದಾರಿ. ಬಸ್ಸಿನ ಹಣೆಯ ಮೇಲೆ ವೆಸೋರಾ ಎಂದು ಇನ್ನೂ ಇತ್ತು. ಅಮ್ಮ ಹತ್ತುವ ಮೊದಲು ಅದನ್ನು ಓದಿದಳು, ಕಿಟಕಿಯ ಪಕ್ಕ ಕೂತು ಇಡೀ ದಾರಿ ಹೊರಗೆ ನೋಡಿದಳು. ಸೇತುವೆ ಬಂದಾಗ ಎದ್ದು ನಿಂತಳು. ನಿಲ್ದಾಣಕ್ಕೆ ಇನ್ನೂ ಅರ್ಧ ಮೈಲಿ ಇತ್ತು.

ಆ ಮನೆಯಲ್ಲಿ ಬೇರೆ ಯಾವುದಕ್ಕೆ ಕೊರತೆ ಇದ್ದರೂ ಕೂರುವುದಕ್ಕೆ ಇರಲಿಲ್ಲ. ಮಾರಾಟವಾಗದೆ ಉಳಿದ ಕುರ್ಚಿಗಳು ಪಡಸಾಲೆಯಲ್ಲಿ, ಮೆಟ್ಟಿಲ ಕೆಳಗೆ, ರೋಗಿಯ ಕೋಣೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಔಷಧಿಯ ಬಾಟಲಿಗಳಿಗೂ ಒಂದು ಕುರ್ಚಿ. ಹಾಸಿಗೆಯಲ್ಲಿದ್ದ ಮನುಷ್ಯ ಅಮ್ಮನ ನೆನಪಿನ ಅಣ್ಣನ ಅರ್ಧದಷ್ಟಿದ್ದ. ತಂಗಿಯ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

"ಕೂದಲೆಲ್ಲ ಬೆಳ್ಳಗಾಯ್ತಲ್ಲೇ ನಿಂದು."

"ನಿನ್ನದು ಉದುರೇ ಹೋಗಿದೆ."

ಅವನು ನಕ್ಕ. ಅವಳೂ ನಕ್ಕಳು. ಅತ್ತೆ ಹಾಗೆ ನಕ್ಕದ್ದನ್ನು ಸೊಸೆ ಆವರೆಗೆ ಕಂಡಿರಲಿಲ್ಲ. ಅಣ್ಣನ ಮಗಳು ಬಿಸಿ ಹಾಲು ತಂದಳು. ಗೋಡೆಗೆ ಹೊಸ ಹೆಸರಿನ ಕಾಗದ ಅಂಟಿಸಿತ್ತು, ಹೊಸಸೇತುವೆ.

"ಸೇತುವೆ ಕಟ್ಟಿ ಅರವತ್ತು ವರ್ಷ ಆಯ್ತು, ಈಗ ಹೊಸದಾ?" ಎಂದಳು ಅಮ್ಮ.

"ಏನೋ ಒಂದು. ಕೇಳಿದವರು ನಗದಿದ್ರೆ ಸಾಕು." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಪಾಪ, ನಿನ್ನದೇನು ತಪ್ಪು. ಎಂಥವನ ಜೊತೆ ಬಾಳಿದೆ. ಪತ್ರಿಕೆಯಲ್ಲಿ ಮುಖ ಬರಲಿ ಅಂತ ಹೆಂಡತಿಯ ಊರನ್ನೇ ಕೊಟ್ಟುಬಿಟ್ಟ. ಕಾಗದ ತಂದೆಯಾ?"

ಅಮ್ಮ ಚೀಲದಿಂದ ತೆಗೆದುಕೊಟ್ಟಳು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಮಗಳು ಓದಿದಳು. "ಊರಿನ ಹಿರಿಯರಿಗೆ. ನಿಮ್ಮನ್ನು ಕೇಳದೆ ನಿಮ್ಮ ಊರಿನ ಹೆಸರು ಬರೆದುಕೊಟ್ಟೆ. ಅದರಿಂದ ನಿಮಗೆ ನಷ್ಟವಾಯಿತು, ಅವಮಾನವಾಯಿತು. ತಪ್ಪು ನನ್ನದು, ಕ್ಷಮಿಸಬೇಕು. ನಾನು ಏನು ಬರೆದೆ ಎಂದು ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಅವಳನ್ನು ಮನೆಗೆ ಸೇರಿಸಿಕೊಳ್ಳಿ."

ಕೆಳಗೆ ಸಹಿ ಇತ್ತು. ಮಗಳು ಕಾಗದ ಮಡಚಿದಳು.

"ಅಂತೂ ಬುದ್ಧಿ ಬಂತು ಅವನಿಗೆ," ಎಂದ ಅಣ್ಣ.

"ಅದು ಸುಳ್ಳು," ಎಂದಳು ಅಮ್ಮ.

ಸೊಸೆ ಅವಳ ತೋಳು ಮುಟ್ಟಿದಳು. ಅಮ್ಮ ಕೈ ಬಿಡಿಸಿಕೊಂಡಳು.

"ಬರೆದದ್ದು ನಾನು ಅಣ್ಣ. ಅವರ ಕೈಗೆ ಗಾಯವಾಗಿತ್ತು. ನನಗೆ ಊರಿನ ನೆನಪಾಗ್ತಿತ್ತು, ಬರೆದೆ. ಅವರು ನೋಡಲೂ ಇಲ್ಲ."

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಅಣ್ಣ ತಂಗಿಯ ಕೈಯನ್ನು ತನ್ನ ಎದೆಯ ಮೇಲಿಂದ ಎತ್ತಿ ಹಾಸಿಗೆಯ ಅಂಚಿಗಿಟ್ಟ.

"ಅವನಾಗಿದ್ರೆ ಕ್ಷಮಿಸಬಹುದಿತ್ತು," ಎಂದ. "ಹೊರಗಿನವನು, ಅವನಿಗೇನು ಗೊತ್ತು ಅಂತ. ನೀನು ಈ ಮನೇಲಿ ಹುಟ್ಟಿದವಳು. ನಾನು ಇಷ್ಟು ವರ್ಷ ಅವನನ್ನ ಬೈದೆ. ನೀನು ಕೇಳಿಸಿಕೊಂಡು ಸುಮ್ಮನಿದ್ದೆ."

"ಅಣ್ಣ."

ಅವನು ಗೋಡೆಯ ಕಡೆ ಹೊರಳಿದ. ಹೊರಳಲು ಮಗಳು ಸಹಾಯ ಮಾಡಬೇಕಾಯಿತು. "ಬಸ್ಸಿಗೆ ಹೊತ್ತಾಗುತ್ತೆ. ಇವರನ್ನ ಕಳಿಸು," ಎಂದು ಮಗಳಿಗೆ ಹೇಳಿದ. ಅಮ್ಮ ಆ ಕಾಗದವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದಳು. ಹಾಲು ಕುಡಿಯುವ ಮೊದಲೇ ಕೆನೆಗಟ್ಟಿತ್ತು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಮೇಸ್ತ್ರಿ ಆಲೂಗಡ್ಡೆ ಬೇಯಿಸಿಟ್ಟಿದ್ದ, ಕೆಲವು ಒಡೆದು ನೀರಿನಲ್ಲಿ ಕರಗಿದ್ದವು. ಗಡಿಯಾರವನ್ನು ಮತ್ತೆ ಮೊಳೆಗೆ ನೇತುಹಾಕಿದ್ದ. ಮಗನೂ ಗ್ಯಾರೇಜು ಬೇಗ ಮುಚ್ಚಿ ಬಂದಿದ್ದ.

"ಹೇಗಿದಾನೆ?" ಎಂದು ಮೇಸ್ತ್ರಿ ಕೇಳಿದ.

ಅಮ್ಮ ಚೀಲದಿಂದ ಕಾಗದ ತೆಗೆದು ಅವನ ಮುಂದಿಟ್ಟಳು.

"ಓದಲಿಲ್ವಾ?"

"ಓದಿದ್ರು. ಸುಳ್ಳು ಅಂದೆ. ಬರೆದದ್ದು ನಾನು ಅಂತ ಹೇಳಿದೆ."

ಮ‌ಗ ತಾಯಿಯ ಮುಖ, ಹೆಂಡತಿಯ ಮುಖ ನೋಡಿದ. ಯಾರೂ ಅವನಿಗೆ ಬಿಡಿಸಿ ಹೇಳಲಿಲ್ಲ. ನಿಧಾನವಾಗಿ ಅವನಿಗೇ ಹೊಳೆಯಿತು. ಬೂಟು ಕಟ್ಟುತ್ತ ತಾನು ಆಡಿದ ಮಾತು ನೆನಪಾಗಿ ತಲೆ ತಗ್ಗಿಸಿದ.

"ಅವನೇನಂದ?" ಎಂದ ಮೇಸ್ತ್ರಿ.

"ಕಳಿಸಿದ."

ಮೇಸ್ತ್ರಿ ಕಾಗದವನ್ನು ಪಕ್ಕಕ್ಕೆ ಸರಿಸಿದ. "ಯಾಕೆ ಹೇಳಿದೆ? ನಾನು ಬರೆದುಕೊಟ್ಟಿದ್ದೆನಲ್ಲ. ಇಷ್ಟು ವರ್ಷ ನಡೆದುಹೋಗಿತ್ತು, ಇನ್ನು ನಾಲ್ಕು ದಿನ ನಡೀತಿರಲಿಲ್ವಾ?"

"ನೀವು ಕೇಳಿದ್ದು ಅದೇ ಅಲ್ವಾ?"

"ನನಗೆ ಹೇಳು ಅಂದೆ ಕಣೇ," ಎಂದ ಮೇಸ್ತ್ರಿ. "ಅವನಿಗಲ್ಲ."

ಅಮ್ಮ ಕೈಕಾಲು ತೊಳೆದು ಬಂದು ತಟ್ಟೆ ಇಟ್ಟಳು. ಒಡೆಯದೆ ಉಳಿದ ಆಲೂಗಡ್ಡೆಗಳನ್ನು ಆರಿಸಿ, ಸಿಪ್ಪೆ ಸುಲಿದು, ಮೊದಲು ಅವನಿಗೆ ಬಡಿಸಿದಳು. ಅವನು ತಿನ್ನಲು ಪ್ರಯತ್ನಿಸಿದ. ಇಪ್ಪತ್ತಾರು ವರ್ಷ ಕಾದ ಮಾತು ಸಿಕ್ಕಿತ್ತು, ಅದು ಅವನಿಗೆ ಯಾವ ಸುಖವನ್ನೂ ಕೊಡಲಿಲ್ಲ.

ಇಪ್ಪತ್ತನೇ ತಾರೀಕಿನ ಸಭೆಯಲ್ಲಿ ಹೆಸರು ಬದಲಾಯಿತು. ಒಂದನೇ ತಾರೀಕು ಬೆಳಗ್ಗೆ ಸೊಸೆ ಕೌಂಟರಿನಲ್ಲಿ ಕೂತಾಗ ಊರುಗಳ ಪಟ್ಟಿಯಲ್ಲಿ ವೆಸೋರಾ ಇರಲಿಲ್ಲ. ಅದಾದ ಆರನೇ ದಿನ ಆ ಊರಿನ ಬಸ್ಸಿನ ಕಂಡಕ್ಟರ್ ಕೌಂಟರಿನ ಹತ್ತಿರ ಬಂದು, ಕುರ್ಚಿ ಯಜಮಾನರು ತೀರಿಕೊಂಡ್ರು, ಮಣ್ಣು ಮಾಡಿ ಮೂರು ದಿನ ಆಯ್ತು ಎಂದ. ಎಲ್ಲ ಮುಗಿದ ಮೇಲೆ ತಂಗಿಗೆ ತಿಳಿಸಿ ಅಂತ ಅವರೇ ಹೇಳಿದ್ದರಂತೆ. ಸೊಸೆ ಸಂಜೆಯವರೆಗೆ ಟಿಕೆಟ್ ಕೊಟ್ಟು ಮನೆಗೆ ಬಂದು ಹೇಳಿದಳು. ಅಮ್ಮ ಒಲೆ ಆರಿಸಿ ಹೋಗಿ ಮಲಗಿದಳು. ಮೇಸ್ತ್ರಿ ಅವಳ ಕಾಲ ಬಳಿ ಕೂತೇ ಇದ್ದ.

ಮರುದಿನ ಮಧ್ಯಾಹ್ನ ಮಗ ಊಟದ ಡಬ್ಬಿ ಮರೆತು ಹೋಗಿದ್ದ. ಮೇಸ್ತ್ರಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಮ್ಮ, "ಕೊಡಿ, ನಾನು ಹೋಗ್ತೀನಿ," ಎಂದಳು.

ಗ್ಯಾರೇಜಿನ ಅಂಗಳದಲ್ಲಿ ಆರೇಳು ವೆಸೋರಾಗಳು ಬಾನೆಟ್ಟು ತೆರೆದುಕೊಂಡು ನಿಂತಿದ್ದವು. ತಾಯಿಯನ್ನು ಕಂಡು ಮಗ ಸ್ಪ್ಯಾನರ್ ಕೆಳಗಿಟ್ಟು ಎದ್ದ. ಅವಳು ಡಬ್ಬಿಯನ್ನು ಅವನ ಕೈಗಿಟ್ಟು ಗೋಡೆಯ ಪಕ್ಕದ ಒಂದು ಹಳೆಯ ಕಾರಿನ ಹಿಂದೆ ಹೋಗಿ ನಿಂತಳು. ಬಣ್ಣ ಹೋಗಿತ್ತು, ಟೈರುಗಳಿರಲಿಲ್ಲ.

"ಅದು ನಾಳೆ ಗುಜರಿಗೆ ಹೋಗುತ್ತೆ ಅಮ್ಮ."

ಅವಳು ಬಗ್ಗಿ ಅಕ್ಷರಗಳ ಮೇಲಿನ ಗ್ರೀಸನ್ನು ಬೆರಳಿನಿಂದ ಒರೆಸಿದಳು. ಒಂದೊಂದೇ ಅಕ್ಷರ ಕಾಣತೊಡಗಿತು. ಎಷ್ಟೋ ವರ್ಷದ ಹಿಂದೆ ಅಂಟಿಸಿದ್ದು, ಒಂದೂ ಸಡಿಲವಾಗಿರಲಿಲ್ಲ.

"ಕಿತ್ತು ಕೊಡಲಾ?" ಎಂದ ಮಗ. "ಇಟ್ಕೊ."

"ಬೇಡ," ಎಂದಳು ಅಮ್ಮ. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು. "ಎಷ್ಟು ನೆಟ್ಟಗೆ ಕೂರಿಸಿದಾರೆ ನೋಡು ನಿಮ್ಮಪ್ಪ."

ಮಗ ನೋಡಿದ. ಅವಳು ಬೆರಳಿನ ಗ್ರೀಸನ್ನು ಬಟ್ಟೆಯ ತುಂಡಿಗೆ ಒರೆಸಿಕೊಂಡು, ಡಬ್ಬಿ ಸಂಜೆ ತರಲು ಮರೆಯಬೇಡ ಎಂದು ಹೇಳಿ, ಮನೆಯ ದಾರಿ ಹಿಡಿದಳು.